ಮಲ್ಲಿಗೆ ಮಣ್ಣಿಗೆ ಮದ್ದು

ರಮಾನಾಥ ಶೆಟ್ಟರು ಮಲ್ಲಿಗೆ ಗಿಡಕ್ಕೆ ಟ್ಯಾಂಕರಿನ ಸಿಹಿ ನೀರು ಹಾಕಿದ್ದೇ ತಪ್ಪಾಯಿತು. ಮಲಾಡಿನ ಅವರ ಹೌಸಿಂಗ್ ಸೊಸೈಟಿಯ ತೋಟಕ್ಕೆ ವರ್ಷಗಟ್ಟಲೆ ಬೋರ್‌ವೆಲ್ಲಿನ ಉಪ್ಪುನೀರೇ ಗತಿ. ಅದಾದರೂ ಮೆಲ್ಲಗೆ ಇಂಗುತ್ತಿತ್ತು. ಸಿಹಿ ನೀರು ಮಾತ್ರ ಮನೆ ಖಾಲಿ ಮಾಡದ ಬಾಡಿಗೆದಾರನಂತೆ ಅಲ್ಲಾಡದೆ ನಿಂತಿತು.

ಸಂಜೆ ಕಮಿಟಿ ತೋಟ ನೋಡಲು ಬರುವುದಿತ್ತು. ಈ ಕೆಸರು ಕಂಡರೆ ಶೆಟ್ಟರ ಕೈಯಲ್ಲಿದ್ದ ತೋಟದ ಉಸ್ತುವಾರಿಯೂ ಹೋಯಿತು, ಮಲ್ಲಿಗೆಯೂ ಹೋಯಿತು.

"ಉಪ್ಪುನೀರು ಇಳಿಯುತ್ತದೆ, ಸಿಹಿ ನೀರು ನಿಲ್ಲುತ್ತದೆ. ಇದೆಂಥ ಮಾರಾಯ್ತಿ?" ಎಂದು ಹೆಂಡತಿಯನ್ನು ಕೇಳಿದರು.

"ನಿಮ್ಮ ಹಾಗೇ. ಬೈದರೆ ಇಳಿಯುತ್ತದೆ, ಒಳ್ಳೆ ಮಾತು ನಾಟುವುದಿಲ್ಲ" ಎಂದಳು ರಾಜೀವಿ.

ಎರಡನೇ ಮಹಡಿಯ ಅನುರಾಧಾ ಟೀಚರ್ ಬಾಲ್ಕನಿಯಿಂದಲೇ ಪಾಠ ತೆಗೆದರು. "ಬೋರ್ ನೀರಿನ ಸೋಡಿಯಂ ಮಣ್ಣಿಗೆ ಹತ್ತಿಕೊಂಡಿದೆ ಶೆಟ್ರೇ. ನೀರಲ್ಲಿ ಉಪ್ಪಿದ್ದರೆ ಮಣ್ಣಿನ ಕಣ ಗುಂಪಾಗಿರ್ತದೆ. ಸಿಹಿ ನೀರು ಬಿದ್ದರೆ ಬಿಡಿಬಿಡಿಯಾಗಿ ತೂತೆಲ್ಲ ಮುಚ್ಚಿಬಿಡ್ತದೆ. ಜಿಪ್ಸಮ್ ಹಾಕಿ. ಅದರ ಕ್ಯಾಲ್ಸಿಯಂ ಸೋಡಿಯಮ್ಮನ್ನು ಎಬ್ಬಿಸಿ ಆ ಜಾಗದಲ್ಲಿ ಕೂರ್ತದೆ."

"ಓ, ಲೋಕಲ್ ರೈಲಿನಲ್ಲಿ ಸೀಟು ಹಿಡಿದ ಹಾಗೆ!" ಶೆಟ್ಟರಿಗೆ ಅರ್ಥವಾದ ಖುಷಿ. ಆದರೆ ಸಂಜೆಯೊಳಗೆ ಜಿಪ್ಸಮ್ ಎಲ್ಲಿಂದ ತರುವುದು?

"ನಾಲ್ಕನೇ ಮಹಡಿಯಲ್ಲಿ ಫಾಲ್ಸ್ ಸೀಲಿಂಗ್ ಮಾಡ್ತಿದ್ದಾರಲ್ಲ, ಅಲ್ಲಿ ಪಿಒಪಿ, ಆ ಬಿಳಿ ಪ್ಲಾಸ್ಟರ್ ಪುಡಿ ಉಂಟು" ಎಂದಳು ರಾಜೀವಿ.

"ಅದೂ ಜಿಪ್ಸಮ್ಮೇನಾ ಟೀಚರೇ?"

"ನೀರು ಸೇರಿದರೆ ಅದೂ ಜಿಪ್ಸಮ್ಮೇ!" ಎಂದವರೇ ಟೀಚರ್ ಕಾಲೇಜಿಗೆ ಓಡಿದರು.

ಸೀಲಿಂಗಿನ ಗುತ್ತಿಗೆದಾರ ಅಲ್ತಮಶ ವಿಜಯಪುರದ ಕಡೆಯವನು. ಫೋನಿನಲ್ಲೇ, "ಮೆಟ್ಟಲ ಕೆಳಗ ಚೀಲ ಅದಾವ, ತಗೋರಿ ಅಣ್ಣಾರ" ಎಂದ. ಯಾಕೆಂದು ಕೇಳಲಿಲ್ಲ. ಶೆಟ್ಟರು ಇದ್ದ ಚೀಲಗಳನ್ನೆಲ್ಲ ತೋಟದ ತುಂಬ ಹರಡಿ, ಪೈಪು ಹಿಡಿದರು.

ಮೇಲಿನ ಕಿಟಕಿಯಿಂದ ಅಲ್ತಮಶನ ತಲೆ ಹೊರಬಂತು. "ಅಣ್ಣಾರ! ನೀರ ಬಿಡಬ್ಯಾಡ್ರೀ! ಕಲ್ಲ ಆಗ್ತೈತ್ರೀ!"

ನೀರು ಆಗಲೇ ಬಿದ್ದಾಗಿತ್ತು. ಟೀಚರ ಲೆಕ್ಕ ತಪ್ಪಿರಲಿಲ್ಲ; ನೀರು ಸೇರಿ ಪಿಒಪಿ ಜಿಪ್ಸಮ್ಮೇ ಆಯಿತು, ಆದರೆ ಕಲ್ಲಿನಂಥ ಜಿಪ್ಸಮ್. ನೋಡನೋಡುತ್ತಿದ್ದಂತೆ ತೋಟ ತಣಿದ ಇಡ್ಲಿಯಂತೆ ಬೆಳ್ಳಗೆ ಬಿಗಿದುಕೊಂಡಿತು. ಶೆಟ್ಟರ ಒಂದು ಚಪ್ಪಲಿಯೂ ಮಲ್ಲಿಗೆಯ ಬುಡವೂ ಅದರಲ್ಲೇ ಹೂತುಹೋದವು.

"ಒಡೆಯಲಿಕ್ಕೆ ಆಗ್ತದಾ?"

"ಆಗ್ತೈತ್ರಿ. ಗಿಡಾನೂ ಅದರ ಜೋಡಿ ಬರ್ತೈತಿ."

ಸಂಜೆ ಚೇರ್ಮನ್ ಚನ್ನಬಸಯ್ಯ ಕಮಿಟಿಯೊಂದಿಗೆ ಬಂದರು. ಬಿಳಿ ನೆಲದ ಮೇಲೆ ಒಮ್ಮೆ ಕಾಲು ಕುಟ್ಟಿ ನೋಡಿದರು. "ಯಾರ ಕೆಲಸರೀ ಇದು?"

"ನಂದೇ ಸಾರ್. ತಪ್ಪಾಯಿತು. ಉಸ್ತುವಾರಿ ಬಿಟ್ಟುಬಿಡ್ತೇನೆ..."

"ಬಿಡೂದಾ? ಪ್ರತಿ ವರ್ಷ ಮಳಿಗಾಲದಾಗ ಇಲ್ಲಿ ಹಾಕೂ ಗಣಪತಿ ಮಂಟಪದ ಮುಂದ ಇದೇ ರಾಡಿಯೊಳಗ ಜಾರಿ ಬೀಳ್ತಿದ್ದಿವಿ. ಇಷ್ಟು ಚಂದ ನೆಲ ಮಾಡೂದು ಯಾರಿಗೂ ಹೊಳೀಲಿಲ್ಲ ನೋಡ್ರಿ!"

ಕಮಿಟಿ ಚಪ್ಪಾಳೆ ತಟ್ಟಿತು. ಚನ್ನಬಸಯ್ಯ ಶೆಟ್ಟರ ಹೆಗಲ ಮೇಲೆ ಕೈ ಹಾಕಿದರು.

"ಇನ್ನ ಮುಂದನೂ ಉಸ್ತುವಾರಿ ನಿಮ್ಮದ. ಬಿಲ್ಡಿಂಗ್ ಹಿಂದಿನ ತೋಟಾನೂ ಭಾನುವಾರದೊಳಗ ಹಿಂಗ ಮಾಡಿಬಿಡ್ರಿ."