ಸೋಪು ಡಬ್ಬಿ ಮಾಡಿದ ಸೋದರಮಾವ

ನಮ್ಮದು ಕಡೂರಿನಲ್ಲಿ ಲಗ್ನಪತ್ರಿಕೆ ಮುದ್ರಿಸುವ ಸಣ್ಣ ಅಂಗಡಿ. ಅಕ್ಷರ ಜೋಡಿಸುವವಳು ನನ್ನ ಹೆಂಡತಿ ಗಿರಿಜ. ಅವಳು ಕೂಗಿದಾಗ ಕಾಗದ ಎತ್ತಿಕೊಡುವವನು ನಾನು. ಇಡೀ ದಿನ ಅವಳ ಕೈ ಕೀಬೋರ್ಡಿನಿಂದ ಮೌಸಿಗೆ, ಮೌಸಿನಿಂದ ಕೀಬೋರ್ಡಿಗೆ ಅಲೆಯುವುದನ್ನು ನೋಡಿ ನನ್ನೊಳಗಿನ ವಿಜ್ಞಾನಿ ಎಚ್ಚೆತ್ತ. ಎರಡರ ಕೆಲಸವನ್ನೂ ಒಂದೇ ಡಬ್ಬಿ ಮಾಡಿಬಿಟ್ಟರೆ?

ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಎಲ್ಲರೂ ನಗುನಗುತ್ತ ಮಾಡುತ್ತಿದ್ದರು. ಮೈಕ್ರೋಕಂಟ್ರೋಲರ್ ಎಂಬ ಬೆರಳುದ್ದದ ಬೋರ್ಡು ತರಿಸಿದೆ. ಬೆಸುಗೆ ಹಾಕುವಾಗ ಲುಂಗಿಗೆ ತೂತು ಬಿತ್ತು. ವಿಜ್ಞಾನಕ್ಕೆ ಅಷ್ಟಾದರೂ ತ್ಯಾಗ ಬೇಡವೇ! ಎಲ್ಲವನ್ನೂ ಸೋಪು ಡಬ್ಬಿಯೊಳಗೆ ಕೂರಿಸಿ, ಮೇಲೊಂದು ಗುಂಡಿ ಇಟ್ಟೆ. ಗುಂಡಿ ಒತ್ತಿದರೆ ಪರದೆಯ ಮೇಲಿನ ಮೌಸಿನ ಬಾಣ ತಾನೇ ಸರಿಯಾದ ಜಾಗಕ್ಕೆ ಓಡಿ, ಕ್ಲಿಕ್ ಮಾಡಿ, ಪತ್ರಿಕೆಯ ಮಾಮೂಲಿ ಸಾಲನ್ನು ಟೈಪ್ ಮಾಡಬೇಕು. ಪರೀಕ್ಷೆಗೆಂದು ಒಂದು ಸಾಲು ತುಂಬಿದೆ: ‘ಸೋದರಮಾವ: ಚನ್ನಬಸಪ್ಪ, ಕಡೂರು.’ ಚನ್ನಬಸಪ್ಪ ಎಂದರೆ ನಾನೇ.

ಗಿರಿಜ ಕಾಫಿ ಮಾಡಲು ಒಳಗೆ ಹೋದ ಹೊತ್ತು ನೋಡಿ ಡಬ್ಬಿಯನ್ನು ಅವಳ ಕಂಪ್ಯೂಟರಿಗೆ ಸಿಕ್ಕಿಸಿದೆ. ಪರದೆಯ ಮೇಲೆ ದೇವನೂರಿನ ಮಲ್ಲೇಶಪ್ಪನವರ ಮಗಳ ಲಗ್ನಪತ್ರಿಕೆ ತೆರೆದಿತ್ತು.

ಗುಂಡಿಯನ್ನು ನಾನಿನ್ನೂ ಮುಟ್ಟಿರಲಿಲ್ಲ. ಸೋದರಮಾವ ಚನ್ನಬಸಪ್ಪ ಬಂದ! ಮತ್ತೆ ಬಂದ! ಬರುತ್ತಲೇ ಇದ್ದ! ‘ಗುಂಡಿ ಒತ್ತಿದಾಗ ಮಾತ್ರ’ ಎಂಬ ಆಜ್ಞೆಯನ್ನು ಬರೆಯಲು ನಾನು ಮರೆತಿದ್ದೆ. ನಿಲ್ಲಿಸೋಣವೆಂದು ಮೌಸ್ ಹಿಡಿದರೆ, ಡಬ್ಬಿ ಬಾಣವನ್ನು ಕಿತ್ತುಕೊಂಡು ತನ್ನ ಕಡೆಗೇ ಎಳೆಯಿತು.

“ಏನ್ರೀ ಇದು? ಒಂದು ಹೆಣ್ಣಿಗೆ ಎಷ್ಟು ಜನ ಸೋದರಮಾವಂದಿರು?” ಕಾಫಿ ಲೋಟದ ಸಮೇತ ಗಿರಿಜ ನಿಂತಿದ್ದಳು.

“ಸುಮ್ನಿರೇ, ಪ್ರೋಗ್ರಾಮ್ ತಿದ್ತಾ ಇದೀನಿ.”

ತಿದ್ದಲು ಪ್ರೋಗ್ರಾಮ್ ತೆರೆದರೆ ಅದರೊಳಗೂ ಚನ್ನಬಸಪ್ಪ!

“ಮೊದ್ಲು ಆ ವೈರ್ ಕೀಳ್ರೀ!”

ಕಿತ್ತೆ, ನಿಂತಿತು. ಇದನ್ನು ಯಾವ ವಿಡಿಯೊದಲ್ಲೂ ಹೇಳಿರಲಿಲ್ಲ.

ಸಿಕ್ಕಷ್ಟು ಚನ್ನಬಸಪ್ಪಂದಿರನ್ನು ಅಳಿಸಿದ ಗಿರಿಜ, “ಇನ್ನೊಂದ್ಸಲ ಓದಿ, ಆಮೇಲೆ ಅಚ್ಚಿಗೆ ಹಾಕಿ” ಎಂದಳು. ಕನ್ನಡಕ ಏರಿಸಿ ಓದಿದೆ. ಒಂದು ತಪ್ಪೂ ಕಾಣಲಿಲ್ಲ, ಅಚ್ಚಿಗೆ ಹಾಕಿದೆ. ನಿಜವಾದ ಸೋದರಮಾವನನ್ನು ಡಬ್ಬಿ ಮೊದಲ ಏಟಿಗೇ ನುಂಗಿ, ಆ ಜಾಗದಲ್ಲಿ ನನ್ನನ್ನು ಕೂರಿಸಿತ್ತು. ಆದರೆ ನನ್ನ ಹೆಸರು ಎಲ್ಲಿದ್ದರೂ ನನ್ನ ಕಣ್ಣಿಗೆ ತಪ್ಪೆನಿಸುವುದಿಲ್ಲ!

ಮಲ್ಲೇಶಪ್ಪನವರು ವಾಡಿಕೆಯಂತೆ ಮೊದಲ ಪತ್ರಿಕೆಯನ್ನು ಮನೆದೇವರ ಮುಂದಿಟ್ಟು, ಮುಂದಿನದನ್ನು ತಮ್ಮ ಭಾವಮೈದ, ಬುಕ್ಕಾಂಬುಧಿಯ ರುದ್ರಪ್ಪನವರಿಗೆ ಕೊಟ್ಟರು. ಸಂಜೆಗೇ ಫೋನ್ ಬಂತು.

“ಏನಪ್ಪಾ ಚನ್ನಬಸಪ್ಪ, ರುದ್ರಪ್ಪ ಮದ್ವೆಗೇ ಬರಲ್ಲ ಅಂತ ಕೂತವ್ನೆ. ಹುಡುಗೀನ ಮಂಟಪಕ್ಕೆ ಎತ್ಕೊಂಡು ಬರೋರ್ಯಾರು? ನನ್ನ ಹೆಂಡ್ತಿ ಒಂದೇ ಸಮ ಅಳ್ತಾವ್ಳೆ ಕಣಪ್ಪಾ.”

ಹೊಸ ಪತ್ರಿಕೆ ಮುದ್ರಿಸಿ, ಹಣ್ಣು ಹಿಡಿದು ನಾವಿಬ್ಬರೂ ಬುಕ್ಕಾಂಬುಧಿಗೆ ಓಡಿದೆವು. ರುದ್ರಪ್ಪನವರು ಎಲೆಅಡಿಕೆ ಮೆಲ್ಲುತ್ತ ಸೋಪು ಡಬ್ಬಿಯ ಪುರಾಣವನ್ನು ಪೂರ್ತಿ ಕೇಳಿದರು. ಬಿಗಿದ ಮುಖ ಮೆಲ್ಲಗೆ ಸಡಿಲವಾಯಿತು.

“ಅಕ್ಕನ ಮಗಳ ಮದ್ವೆ, ಬರ್ದೆ ಇರ್ತೀನಾ? ಬತ್ತೀನಿ ಕಣ್ರೀ. ಆದ್ರೆ ದೇವರ ಮುಂದೆ ಇಟ್ಟಿರೋ ಪತ್ರಿಕೇಲಿ ನಿಮ್ಮ ಹೆಸ್ರೈತೆ. ಹುಡುಗೀನ ನೀವೇ ಎತ್ತಿ. ನಾನು ಪಕ್ಕದಲ್ಲಿ ನಿಂತು ನೋಡ್ತೀನಿ!”

“ಆಗ್ಲಿ ಅಣ್ಣ, ಎತ್ತಾರೆ” ಎಂದು ಗಿರಿಜ ನನ್ನ ಪರವಾಗಿ ಒಪ್ಪಿಬಿಟ್ಟಳು.

ಮದುವೆಯ ದಿನ ಪೇಟ ಸುತ್ತಿ, ಉಸಿರು ಬಿಗಿಹಿಡಿದು ಹುಡುಗಿಯನ್ನು ಎತ್ತಿದೆ. ಒಂದು ಹೆಜ್ಜೆ ಇಟ್ಟೆ. ಇನ್ನೊಂದಕ್ಕೆ ಸೊಂಟ ಮುಷ್ಕರ ಹೂಡಿತು!

“ಇಳ್ಸಿ ಮಾವ, ಇಳ್ಸಿ” ಎಂದು ತಾನೇ ಕೆಳಗಿಳಿದ ಮದುಮಗಳು, ನನ್ನ ತೋಳು ಹಿಡಿದು ಮಂಟಪದವರೆಗೆ ಜೋಪಾನವಾಗಿ ನಡೆಸಿಕೊಂಡು ಹೋದಳು. ಆಗ ತೆಗೆದ ಫೋಟೊ ನೋಡಿದವರು, ಹುಡುಗಿ ಯಾರೋ ಅಜ್ಜನನ್ನು ಊಟದ ಪಂಕ್ತಿಗೆ ಕರೆದೊಯ್ಯುತ್ತಿದ್ದಾಳೆ ಎಂದೇ ತಿಳಿಯುತ್ತಾರೆ.