ತಾಯಿಮರವೂ ನನ್ನ ಇನಿಷಿಯಲ್ಲೂ

ಓದಿದ್ದನ್ನೆಲ್ಲ ಮನೆಯಲ್ಲಿ ಹೇಳಬಾರದು. ಹೇಳಿದರೂ ಹೆಂಡತಿಗೆ ಅರ್ಥವಾಗುವಂತೆ ಹೇಳಬಾರದು. ತುಮಕೂರಿನ ಕಾಲೇಜಿನಲ್ಲಿ ಹತ್ತು ವರ್ಷ ಸಸ್ಯಶಾಸ್ತ್ರ ಕಲಿಸಿದ ಮೇಲೂ ನನಗೆ ಇಷ್ಟು ಬುದ್ಧಿ ಬಂದಿರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತು. ಲೈಬ್ರರಿಯ ಪತ್ರಿಕೆಯೊಂದರಲ್ಲಿ ಓದಿದೆ: ಬೀಜದೊಳಗೆ ಭ್ರೂಣ ಮೂಡಿದ ಮೊದಲ ದಿನಗಳಲ್ಲಿ ತಾಯಿಯ ಜೀನುಗಳದ್ದೇ ಕಾರುಬಾರು, ಪರಾಗದಿಂದ ಬಂದ ತಂದೆಯ ಜೀನುಗಳು ಸುಮ್ಮನೆ ಮಲಗಿರುತ್ತವಂತೆ. ಆಹಾ, ನಮ್ಮ ವಂಶದವೇ ಇರಬೇಕು ಅನ್ನಿಸಿತು.

ಆಗ ಹೆಂಡತಿ ಶೈಲಾ ಬಾಣಂತನಕ್ಕೆ ಗುಬ್ಬಿಯ ತವರಿನಲ್ಲಿದ್ದಳು. ಭಾನುವಾರ ಹೋಗಿ, ಅತ್ತೆ ಕೊಟ್ಟ ಕೋಡುಬಳೆ ಕಡಿಯುತ್ತ ಕೂತಿದ್ದೆ. "ರೀ, ಮಗು ಬಟ್ಟೆ ಒದ್ದೆಯಾಗಿದೆ, ಸ್ವಲ್ಪ ಬದಲಾಯಿಸ್ರೀ" ಅಂದಳು. ನಾನು ಕಾಲು ಚಾಚಿಕೊಂಡೇ ಓದಿದ್ದನ್ನು ವಿವರಿಸಿ, "ಮೊದಮೊದಲು ಅಪ್ಪಂದೇನೂ ಪಾತ್ರ ಇಲ್ಲ ಕಣೇ, ಪ್ರಕೃತಿನಿಯಮ" ಎಂದೆ.

ಪಕ್ಕದಲ್ಲಿ ಬಿತ್ತನೆಗೆ ತೆಂಗಿನಕಾಯಿ ಆರಿಸುತ್ತಿದ್ದ ಮಾವನವರು ತಲೆಯಾಡಿಸಿದರು. "ಸರಿಯಾಗಿ ಹೇಳಿದ್ರಿ ಅಳಿಯಂದ್ರೇ. ನಾವೂ ತಾಯಿಮರ ನೋಡಿ ಕಾಯಿ ತರ್ತೀವಿ. ತಂದೆಮರ ಯಾವ್ದು ಅಂತ ಗುಬ್ಬೀಲಿ ಯಾವನೂ ಕೇಳಿಲ್ಲ ಬುಡಿ." ಶೈಲಾ ತಾನೇ ಬಟ್ಟೆ ಬದಲಾಯಿಸಿದಳು. ಗೆದ್ದೆ ಅಂದುಕೊಂಡೆ.

ಮುಂದಿನ ಭಾನುವಾರ ಮೇಜಿನ ಮೇಲೆ ಮಗುವಿನ ಜನನ ಪ್ರಮಾಣಪತ್ರದ ಅರ್ಜಿ ಇತ್ತು. ಮಗಳ ಹೆಸರಿನ ಮುಂದೆ ನನ್ನ ಇನಿಷಿಯಲ್ ಇಲ್ಲ, ಶೈಲಾಳದ್ದು! ಇರುವವಳೊಬ್ಬಳು ಮಗಳು, ಅವಳೂ ನನ್ನವಳೆಂದು ಯಾವ ಕಾಗದದಲ್ಲೂ ಇರುವುದಿಲ್ಲವೇ?

"ಇದೇನೇ?"

"ಮಲಗಿರೋರನ್ನ ಯಾಕೆ ಎಬ್ಬಿಸೋದು ಅಂತ. ಬುಧವಾರ ಅಪ್ಪ ಆಫೀಸಿಗೆ ಕೊಟ್ಟು ಬರ್ತಾರೆ."

"ಅದು ಗಿಡಕ್ಕೆ ಹೇಳಿದ್ದು!"

"ಹೋದ ವಾರ ಮನುಷ್ಯರಿಗೂ ಆಗ್ತಿತ್ತು."

ಎರಡು ದಿನ ಲೈಬ್ರರಿ ಜಾಲಾಡಿದೆ. ಪರೀಕ್ಷೆಗೂ ಅಷ್ಟು ಓದಿದವನಲ್ಲ. ಕೊನೆಗೂ ಸಿಕ್ಕಿತು: ತಂದೆಯ ಕೆಲವು ಜೀನುಗಳು ಮೊದಲಿನಿಂದಲೂ ಎಚ್ಚರವಾಗಿದ್ದು ದುಡಿಯುತ್ತವೆಂದು ಬೇರೆ ವಿಜ್ಞಾನಿಗಳು ಬರೆದಿದ್ದರು. ಮಂಗಳವಾರ ಸಂಜೆಯೇ ಬಸ್ಸು ಹತ್ತಿ ಹೋಗಿ, ನಿಂತುಕೊಂಡೇ ಓದಿ ಹೇಳಿದೆ.

"ಅಂದ್ರೆ ಮೊದಲಿಂದ್ಲೂ ಅಪ್ಪಂಗೂ ಕೆಲಸ ಇದೆ ಅಂತೀರಾ?"

"ಖಂಡಿತ!"

"ಎಲ್ಲಾರೂ ಕೇಳುಸ್ಕೊಂಡ್ರಲ್ಲ?" ಎಂದು ಶೈಲಾ ಇನಿಷಿಯಲ್ ತಿದ್ದಿದಳು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು. ಒರೆಸಿಕೊಳ್ಳುವಷ್ಟರಲ್ಲಿ ಒದ್ದೆ ಬಟ್ಟೆಯ ಬಕೆಟ್ಟು ಕೈಗೆ ಬಂತು.

ಹಿತ್ತಲ ಕಲ್ಲಿನ ಮೇಲೆ ಉಜ್ಜುತ್ತಿದ್ದೆ. ಮಾವನವರು ಬಂದು ಒಂದು ಬಟ್ಟೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಕರೆ ಹೋಗಿಲ್ಲ ಅಳಿಯಂದ್ರೇ, ಇನ್ನೊಂದ್ಸಲ ಉಜ್ಜಿ" ಅಂದರು. ಉಜ್ಜಿದೆ. ಹೆಸರಿನ ಮುಂದಿನ ಒಂದಕ್ಷರಕ್ಕೆ ಇಷ್ಟು ಕೆಲಸವಿದೆ ಎಂದು ಯಾವ ಪತ್ರಿಕೆಯೂ ಬರೆದಿರಲಿಲ್ಲ.