ತಂಬಾಕಿನ ಡಬ್ಬಿಯಲ್ಲಿದ್ದ ಕೊಲೆಗಾರ

ಇಂದು ನಸುಕಿನಲ್ಲೆದ್ದು ನೀರು ತುಂಬಿದೆ, ಒಲೆ ಸಾರಿಸಿದೆ, ಇವರಿಗೆ ಬುತ್ತಿ ಕಟ್ಟಿದೆ, ಅಕ್ಕಿಯಲ್ಲಿ ಕಲ್ಲು ಆರಿಸಿದೆ, ಹರಿದ ಕೌದಿಗೆ ನಾಲ್ಕು ಹೊಲಿಗೆ ಹಾಕಿದೆ, ಮಧ್ಯಾಹ್ನ ಪೇಟೆಗೆ ಹೋಗಿ ಒಬ್ಬ ಕೊಲೆಗಾರನನ್ನು ಬದಲಾಯಿಸಿಕೊಂಡು ಬಂದೆ. ಕಡೆಯದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ದಾಂಡೇಲಿಯ ಯಾವ ಮನೆಯಲ್ಲಾದರೂ ನಡೆಯುವಂಥದ್ದೇ.

ಈ ವಯಸ್ಸಿನಲ್ಲಿ ನನಗೆ ಪತ್ತೇದಾರಿ ಕಾದಂಬರಿಯ ಚಟ ಹತ್ತುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಹೋದ ಮಳೆಗಾಲದಲ್ಲಿ ಜ್ವರ ಬಂದು ಮಲಗಿದ್ದಾಗ, ಕಟ್ಟಿಗೆ ಡಿಪೋದಲ್ಲಿ ಕಾರಕೂನರಾಗಿರುವ ನಮ್ಮ ಯಜಮಾನರು, "ಸುಮ್ನ ಜಂತಿ ನೋಡ್ಕೋತ ಮಲಗೂದಕ್ಕಿಂತ ಇದನ್ನರ ಓದು" ಎಂದು ಬಸೆಟ್ಟೆಪ್ಪನ ಅಂಗಡಿಯಿಂದ ಒಂದು ಪುಸ್ತಕ ತಂದುಕೊಟ್ಟರು. ಜ್ವರ ಬೇಗ ಇಳಿಯಿತು, ಇದು ಇಳಿಯಲಿಲ್ಲ. ಅದೊಂದು ದೊಡ್ಡ ಮಾಲೆ. ಎಲ್ಲದರಲ್ಲೂ ಒಬ್ಬನೇ ಪತ್ತೇದಾರ, ಪುಸ್ತಕಕ್ಕೊಂದು ಕೊಲೆ. ಇರುವುದು ಬೆಂಗಳೂರಿನಲ್ಲಿ, ಮೈಮೇಲೆ ಉದ್ದನೆಯ ಕೋಟು, ತುಟಿಯಲ್ಲಿ ಸಿಗರೇಟು. ನನಗಿದ್ದ ಬೇಸರ ಒಂದೇ. ಎಷ್ಟು ಪುಸ್ತಕ ಕಳೆದರೂ ಆತ ಕೂತು ಒಂದು ತುತ್ತು ಉಂಡದ್ದಿಲ್ಲ. ಬರೀ ಕಾಫಿ. ಅವನ ತಾಯಿ ಎಲ್ಲಿದ್ದಾಳೋ, ಹೇಳುವವರು ಕೇಳುವವರು ಯಾರೂ ಇಲ್ಲವೋ ಎಂದು ಒಲೆಯ ಮುಂದೆ ಕೂತು ಎಷ್ಟೋ ಸಲ ಮರುಗಿದ್ದೇನೆ.

ಬಸೆಟ್ಟೆಪ್ಪನದು ತಂಬಾಕಿನ ಅಂಗಡಿ. ಪುಸ್ತಕ ಬಾಡಿಗೆಗೆ ಕೊಡುವುದು ಅದರ ಜೊತೆಗಿನ ವ್ಯಾಪಾರ. ಒಯ್ದವರು ತಿರುಗಿ ತರುವುದಿಲ್ಲವೆಂದು ಆತ ಒಂದು ಉಪಾಯ ಮಾಡಿದ್ದಾನೆ. ಪ್ರತಿ ಪುಸ್ತಕದ ಕಡೆಯ ಹಾಳೆಗಳನ್ನು ಬಿಚ್ಚಿ, ದಾರ ಕಟ್ಟಿ, ತಂಬಾಕಿನ ಖಾಲಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾನೆ. ಪುಸ್ತಕ ಮರಳಿಸಿ, ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು, ಕೊಲೆಗಾರ ಯಾರೆಂದು ಓದಿಕೊಂಡು ಹೋಗಬೇಕು. ಕಾರ್ಖಾನೆಯ ಭೋಂಗಾ ಕೇಳಿ ಎದ್ದು ಊರೆಲ್ಲ ಕಾಗದ ಮಾಡಲು ಹೋಗುತ್ತದೆ; ಅಂಥ ಊರಿನಲ್ಲಿ ನನಗೆ ನಾಲ್ಕು ಹಾಳೆಗೆ ಈ ಪರದಾಟ. ಬೀಡಿ ಸೇದುವ ಗಂಡಸರ ನಡುವೆ ಹೋಗಿ ಕೂರುವುದು ನನ್ನಿಂದಾಗದು. ಹಾಗಾಗಿ ಓದುವವಳು ನಾನು, ಮುಗಿಸಿಕೊಂಡು ಬರುವವರು ಇವರು.

ಹೋದ ವಾರದ ಪುಸ್ತಕದಲ್ಲಿ ಒಬ್ಬ ವಕೀಲರು ಮೈಮೇಲೆ ಒಂದು ಗಾಯವೂ ಇಲ್ಲದೆ ಮೇಜಿನ ಮುಂದೆ ಸತ್ತು ಬಿದ್ದಿದ್ದರು. ಪಕ್ಕದ ಮನೆಯ ಗಂಗವ್ವನಿಗೆ ಓದು ಬಾರದು. ನಾನು ಓದಿದಷ್ಟನ್ನೂ ಅವಳಿಗೆ ಹೇಳುವುದು ರೂಢಿ. ಗುಮಾಸ್ತನೋ ಭಾವಮೈದನೋ ಎಂದು ಇಬ್ಬರೂ ತಲೆ ಕೆಡಿಸಿಕೊಂಡಿದ್ದೆವು. ಸಂಜೆ ಇವರು ಬಂದು, ಚಪ್ಪಲಿ ಬಿಡುತ್ತ, "ಅಡಿಗಿಯಂವ" ಎಂದರು.

"ಅದರಾಗ ಅಡಿಗಿಯಂವ ಎಲ್ಲಿದ್ದಾನ್ರೀ?"

"ಇದ್ದಾನ ನೋಡು. ಸಾರಿನಾಗ ವಿಷಾ ಹಾಕ್ಯಾನ. ಕಡೀಕ ಒಪ್ಕೊಂಡು ಅತ್ತಾನ ಸೈತ. ಓದಿ ಬಂದೇನಿ, ಸುಳ್ಳ ಹೇಳ್ತೇನೇನು?"

ನಾನು ಬೆಪ್ಪಾದೆ. ಅಕ್ಕಿ ತೊಳೆಯುವಾಗ ಹೊಳೆಯಿತು. ವಕೀಲರ ಹೆಂಡತಿ ತವರಿನಲ್ಲಿದ್ದಳು. ಅವರಿಗೆ ಯಾರೋ ಬೇಯಿಸಿ ಹಾಕಿರಲೇಬೇಕಲ್ಲ! ಪುಸ್ತಕದುದ್ದಕ್ಕೂ ಊಟದ ಮಾತೇ ಎತ್ತದೆ ಬರೆದವರು ಅವನನ್ನು ಬಚ್ಚಿಟ್ಟಿದ್ದರು. ಆಹಾ, ಎಂಥ ಬುದ್ಧಿ! ಪತ್ತೇದಾರ ಇಷ್ಟು ದಿನ ಎಲ್ಲಿಯೂ ಉಣ್ಣದೆ ತಿರುಗಿದ್ದೂ ಸುಮ್ಮನೆ ಅಲ್ಲ. ಗಂಗವ್ವನಿಗೆ ಹೇಳಿದರೆ ಅವಳು, "ಉಣ್ಣೂ ಮುಂದ ಬಡಿಸೋ ಕೈ ಯಾರರ ನೋಡ್ತಾರೇನ್ರಿ, ವೈನಿ?" ಎಂದು ಕಣ್ಣೊರೆಸಿಕೊಂಡಳು.

ಅಂಥದ್ದನ್ನು ನನ್ನ ಕಣ್ಣಿಂದಲೇ ಓದಬೇಕೆಂದು ಇಂದು ಧೈರ್ಯ ಮಾಡಿ ಹೋದೆ. ಬಸೆಟ್ಟೆಪ್ಪ, "ಬೆಂಚಿನ ಮ್ಯಾಲೆ ಬ್ಯಾಡ್ರಿ ಅಕ್ಕಾರ, ಒಳಗ ಕುಂದರ್ರಿ" ಎಂದು ತಂಬಾಕಿನ ಚೀಲಗಳ ಹಿಂದೆ ಮಣೆ ಹಾಕಿ, ವಕೀಲರ ಹಾಳೆ ಹುಡುಕಿ ಕೊಟ್ಟ. ಸೀನುತ್ತ ಸೀನುತ್ತ ಓದಿದೆ. ಕೊಂದವನು ಭಾವಮೈದ! ಅಡಿಗೆಯವನ ಸುಳಿವೇ ಇಲ್ಲ.

"ಅಡಿಗಿಯಂವ ಎಲ್ಲಿ ಹೋದಾ, ಬಸೆಟ್ಟೆಪ್ಪಾ?"

"ಅಂವ ಬ್ಯಾರೆ ಪುಸ್ತಕದಾಗಿನಂವ್ರಿ. ಅವತ್ತ ನಾ ಕಟ್ಟು ಅದಲು ಬದಲು ಮಾಡಿ ಕೊಟ್ಟಿರಬೇಕು. ಅಲ್ರೀ ಅಕ್ಕಾರ, ಯಜಮಾನ್ರು ಅಷ್ಟೂ ಓದಿ ಎದ್ದು ಹೋದ್ರು, ಒಂದು ಮಾತೂ ಅನ್ಲಿಲ್ಲ!"

ಮೊದಲು ಓದದವರು ಕಡೆಗೆ ಏನು ಅಂದಾರು? ಮನೆಗೆ ಬಂದು ಗಂಗವ್ವನಿಗೆ ನಿಜ ಹೇಳಿದೆ. ಅವಳು ಒಪ್ಪಲೇ ಇಲ್ಲ. "ಬ್ಯಾಡ್ರಿ ವೈನಿ, ಅಡಿಗಿಯಂವನ ಇರ್ಲಿ. ಭಾವಮೈದ ಪಾಪ, ಚಲೋ ಮನಶಾ." ನನಗೂ ಹಾಗೇ ಅನಿಸಿತ್ತು. ಅಚ್ಚಾದದ್ದಕ್ಕಿಂತ ನಾನು ಒಲೆಯ ಮುಂದೆ ಬೇಯಿಸಿದ್ದೇ ರುಚಿಯಾಗಿತ್ತು.

ಇವರನ್ನು ತರಾಟೆಗೆ ತೆಗೆದುಕೊಳ್ಳೋಣವೆಂದು ಕಾದರೆ, ಡಿಪೋದಿಂದ ಬಸೆಟ್ಟೆಪ್ಪನ ಅಂಗಡಿ ಹಾದು, ಕಟ್ಟು ಬದಲಾದ ಸುದ್ದಿ ಕೇಳಿಕೊಂಡೇ ಬಂದವರ ಚೀಲದಲ್ಲಿ ಆ ಅಡಿಗೆಯವನ ಪುಸ್ತಕವೇ ಇತ್ತು. "ಅಂವ ಯಾಕ ಹಂಗ ಮಾಡಿದಾ ಅನ್ನೂದು ತಲ್ಯಾಗ ಕುಂತದ" ಎಂದರು. ಸಿಟ್ಟು ಅಲ್ಲಿಗೇ ಮುಗಿಯಿತು.

ರಾತ್ರಿ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಸಾರು ಬಡಿಸುವಾಗ ಇವರು ನನ್ನ ಮುಖ ನೋಡಿ, "ಮೊದಲ ನೀ ಉಣ್ಣು" ಎಂದರು. ಆಮೇಲೆ ಎರಡು ಸಲ ಹಾಕಿಸಿಕೊಂಡರು. ಮೊದಲು ನಿದ್ದೆ ಹೋದವರೂ ಇವರೇ, ಎದೆಯ ಮೇಲೆ ಪುಸ್ತಕ ಇಟ್ಟುಕೊಂಡು. ಮೆಲ್ಲಗೆ ತೆಗೆದು ಮೊದಲ ಪುಟ ತಿರುವಿದೆ. ನಮ್ಮ ಪತ್ತೇದಾರ ಅಂತೂ ಇಂತೂ ಒಂದು ಮನೆಯಲ್ಲಿ ಊಟಕ್ಕೆ ಕೂತಿದ್ದ. ಎಲೆಯಲ್ಲಿ ಅನ್ನ, ಅದರ ಮೇಲೆ ಸಾರು. ಇಷ್ಟು ದಿನ ಉಣ್ಣಲಿಲ್ಲವೆಂದು ಮರುಗಿದವಳು, "ಉಣಬ್ಯಾಡಪ್ಪಾ" ಎಂದು ದೀಪದ ಮುಂದೆ ಕೈಮುಗಿದು ಕೂತೆ.